ಹಲಸಿನ ಹಲಗೆಯೊಳಗೆ ಒಂಬತ್ತು ಮೊಳೆ: ಒಂದೂವರೆ ವರ್ಷದ ಕೆಲಸದ ಲೆಕ್ಕ

ಹಲಗೆ ಕೊನೆಗೂ ಗೋಡೆ ಹತ್ತಿತು. ಮರ ಬಿದ್ದದ್ದು ಜುಲೈ 2024ರಲ್ಲಿ, ಹಲಗೆ ಹತ್ತಿದ್ದು ಜನವರಿ 2026ರಲ್ಲಿ. ನಡುವೆ ಮರ ಕೊಯ್ಯುವ ಮಿಷನ್ನಿನ ಮೂರು ಚೈನ್, ಒಂದು ಉಳಿ, ಜೊತೆಗೆ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಹತ್ತಿರ ಇದ್ದ ಒಳ್ಳೆಯ ಹೆಸರು ಹಾಳಾದವು. ನಾನು ಬಡಗಿ ಅಲ್ಲ, ಅಕೌಂಟ್ಸ್ ಕೆಲಸದವನು. ಹಾಗಾಗಿ ಇದರಲ್ಲಿ ಕೌಶಲ ಕಡಿಮೆ, ತಪ್ಪು ಜಾಸ್ತಿ. ಮನೆಯ ಮರ ಬಿದ್ದಾಗ ಅದರ ಒಂದು ತುಂಡನ್ನಾದರೂ ಇಟ್ಟುಕೊಳ್ಳೋಣ ಅನ್ನಿಸುವವರಿಗೆ ಉಪಯೋಗವಾದೀತು.

ಮೊದಲು ಮರದ ಕತೆ, ಬೇಗ ಹೇಳಿ ಮುಗಿಸುತ್ತೇನೆ. ಮುಂಬೈಯ ಮುಲುಂಡಿನ ಈ ಬಿಲ್ಡಿಂಗಿಗೆ ಅಪ್ಪಯ್ಯ, ಅಮ್ಮ ಬಂದದ್ದು 1983ರಲ್ಲಿ. ಅಪ್ಪಯ್ಯ ಫೋರ್ಟ್ ಕಡೆ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಆ ಮಳೆಗಾಲ ಕುಂದಾಪುರದಿಂದ ಬಸ್ಸಿನಲ್ಲಿ ಬಂದ ಹಲಸಿನ ಹಣ್ಣಿನ ಒಂದು ಬೀಜವನ್ನು ಕಂಪೌಂಡಿನ ಮೂಲೆಯಲ್ಲಿ ಹುಗಿದರು. ನಾನು ಹುಟ್ಟಿದ್ದು 1986ರ ಜನವರಿಯಲ್ಲಿ. 1990ರಲ್ಲಿ, ನನಗೆ ನಾಲ್ಕು ತುಂಬಿದ ದಿನ, ಮರಕ್ಕೆ ಒರಗಿಸಿ ನಿಲ್ಲಿಸಿ ತಲೆಯ ಮಟ್ಟಕ್ಕೆ ಒಂದು ಮೊಳೆ ಹೊಡೆದರು. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು. ಒಂದೂವರೆ ಇಂಚಿನ ಮೊಳೆ, ತಲೆ ಒಂದು ಸೆಂಟಿಮೀಟರ್ ಹೊರಗೆ. ಹನ್ನೊಂದು ತುಂಬಿದ ಮೇಲೆ ನಾನೇ ಸಾಕು ಅಂದೆ, ಗೆಳೆಯರು ನಗುತ್ತಿದ್ದರು. ಮರ ದಪ್ಪ ಆಗುತ್ತಾ ಮೊಳೆಗಳನ್ನೆಲ್ಲ ನುಂಗಿಕೊಂಡಿತು. ನಾವೂ ಮರೆತೆವು. ಅಪ್ಪಯ್ಯ 2011ರಲ್ಲಿ ತೀರಿಕೊಂಡರು.

ಮರಕ್ಕೆ ಮೊಳೆ ಹೊಡೆಯೋದು ತಪ್ಪು, ಗೊತ್ತು. ಈಗ ಮುಂಬೈಯಲ್ಲೂ ಪುಣೆಯಲ್ಲೂ ರಜೆಯ ದಿನ ರಸ್ತೆ ಬದಿಯ ಮರಗಳ ಮೊಳೆ ಕೀಳುವ ಹುಡುಗ ಹುಡುಗಿಯರ ಗುಂಪುಗಳಿವೆ. ಆಗ ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಜುಲೈ 2024: ಬಿದ್ದ ದಿನ

2021ರ ಮೇ 17ಕ್ಕೆ ತೌಕ್ತೆ ಚಂಡಮಾರುತ ಬಂದಾಗ ಮುಂಬೈ ತುಂಬ ಮರಗಳು ಉರುಳಿದವು, ನಮ್ಮದು ಅಲ್ಲಾಡಲಿಲ್ಲ. ಮೂರು ವರ್ಷ ಆದಮೇಲೆ, ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ, ಸುಮ್ನೆ ಮಲಗಿಬಿಟ್ಟಿತು. ಬುಡ ನೋಡಿದರೆ ಬೇರೆಲ್ಲ ಒಂದೇ ಕಡೆ. 2009ರಲ್ಲಿ ಕಾಂಡಕ್ಕೆ ತಾಗಿಸಿಯೇ ನೆಲಕ್ಕೆ ಹಾಸುವ ಸಿಮೆಂಟಿನ ಪೇವರ್ ಬ್ಲಾಕ್ ಹಾಕಿಸಿದ್ದರು, 2022ರಲ್ಲಿ ಚರಂಡಿ ಪೈಪಿಗೆ ಅಗೆದವರು ಗೋಡೆ ಬದಿಯ ಬೇರುಗಳನ್ನೆಲ್ಲ ಕಡಿದಿದ್ದರು. ಆಗ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಮಹಾನಗರ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿದೆವು. ಜನ ಬಂದರು, ಕೊಂಬೆ ಸವರಿದರು, ಕಾಂಡವನ್ನು ತುಂಡು ಮಾಡತೊಡಗಿದರು. ನಾನು ಮೇಲಿನ ಕಿಟಕಿಯಲ್ಲಿ ಟೀ ಕುಡಿಯುತ್ತಾ ನೋಡುತ್ತಿದ್ದೆ. ಎರಡನೇ ಅಡ್ಡ ಕೊಯ್ತದಲ್ಲಿ ಕಿಡಿ ಹಾರಿತು, ಚೈನ್ ಕಿತ್ತುಕೊಂಡು ಬಂತು. "ಸಾಹೇಬ್, ಆತ್ ಖಿಳಾ ಆಹೇ!" ಅಂತ ಕೊಯ್ಯುತ್ತಿದ್ದವನು ಮರಾಠಿಯಲ್ಲಿ ಕೂಗಿದ. ಒಳಗೆ ಮೊಳೆ ಇದೆಯಂತೆ. ಟೀ ಅಲ್ಲೇ ಬಿಟ್ಟು ಓಡಿದೆ.

ತಪ್ಪು ಒಂದು: ಅಷ್ಟು ಹೊತ್ತಿಗೆ ಕಾಂಡ ಎರಡು ತುಂಡಾಗಿತ್ತು. ಕೆಳಗಿನ ತುಂಡು 109 ಸೆಂ.ಮೀ., ಮೇಲಿನದು 122. ಹತ್ತು ನಿಮಿಷ ಮೊದಲು ಇಳಿದು ಹೇಳಿದ್ದರೆ ಒಂದೇ ಉದ್ದದ ದಿಮ್ಮಿ ಸಿಗುತ್ತಿತ್ತು.

ದಿಮ್ಮಿಗಳನ್ನು ನನಗೆ ಕೊಟ್ಟದ್ದಕ್ಕೆ ಸೊಸೈಟಿಯಿಂದ ಒಂದು ಕಾಗದ ಬರೆಸಿಕೊಂಡೆ. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾಯ್ದೆ ಇದೆ, ನಿಂತ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ನಮ್ಮದು ತಾನಾಗಿ ಬಿದ್ದದ್ದು. ಆದರೂ ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಒಂದು ಕಾಗದ, ನಾಲ್ಕು ಫೋಟೊ ಇರಲಿ ಅಂತ.

ಅದೇ ವಾರ: ಅಳತೆ, ಮತ್ತು ಅಮ್ಮನ ಸಿಟ್ಟು

ಮರ ಎತ್ತರ ಆಗೋದು ತುದಿಯಲ್ಲಿ ಮಾತ್ರ. ಕಾಂಡಕ್ಕೆ ಹೊಡೆದ ಮೊಳೆ ಎಷ್ಟು ವರ್ಷ ಆದರೂ ಅದೇ ಮಟ್ಟದಲ್ಲೇ ಇರುತ್ತದೆ. ಚಿಕ್ಕವನಿದ್ದಾಗ ನಾನು ಮೊಳೆಯೂ ಮೇಲೆ ಹತ್ತುತ್ತದೆ, ನನ್ನ ಜೊತೆ ಪಂದ್ಯ ಕಟ್ಟಿದೆ ಅಂದುಕೊಂಡಿದ್ದೆ! ಅಂದರೆ ಆ ದಿಮ್ಮಿಯೊಳಗೆ ನನ್ನ ಏಳೆಂಟು ವರ್ಷದ ಎತ್ತರ ಇದ್ದಲ್ಲೇ ಇತ್ತು. ಅದನ್ನು ಕೆಡಿಸದೆ ಹೊರಗೆ ತರಬೇಕು, ಅಷ್ಟೇ ಕೆಲಸ.

ಇದಕ್ಕೆ ನೆಲದ ಮಟ್ಟ ಗೊತ್ತಿರಬೇಕು. ಪೇವರ್ ತಾಗಿದ್ದ ಗೆರೆ ಬುಡದ ತೊಗಟೆಯ ಮೇಲೆ ಸ್ಪಷ್ಟವಾಗಿತ್ತು. ಗೆರೆಯಿಂದ ಕೆಳಗಿನ ದಿಮ್ಮಿಯ ತಳಕ್ಕೆ 12 ಸೆಂ.ಮೀ. ದಿಮ್ಮಿಯ ಮೇಲ್ತುದಿಯಲ್ಲಿ ಅರ್ಧ ಕೊಯ್ದ ಮೊಳೆ. 12ಕ್ಕೆ 109 ಸೇರಿಸಿದರೆ 121. ಕೊನೆಯದೋ ಅದರ ಹಿಂದಿನದೋ ಇರಬೇಕು, ಅಂದರೆ ಹತ್ತು ಹನ್ನೊಂದರ ವಯಸ್ಸಿನದು. "ಹತ್ತು ವರ್ಷಕ್ಕೆ 121 ಇದ್ದೆ ನಾನು" ಅಂತ ಅಮ್ಮನಿಗೆ ಹೇಳಿದೆ.

"ಎಂತ ಮಾತಾಡ್ತಿಯಾ? ನಿನ್ನನ್ನು ನಾನು ಉಪವಾಸ ಹಾಕಿದ್ದೆನಾ?" ಅಂತ ಅಮ್ಮ ಶುರು ಮಾಡಿದಳು. ಎದ್ದು ಹೋಗಿ ಕಪಾಟಿನಿಂದ ಶಾಲೆಯ ಹಳೆಯ ರಿಪೋರ್ಟ್ ಕಾರ್ಡ್ ತಂದಳು. ಒಂದನೇ ಕ್ಲಾಸಿನಲ್ಲಿ, ಆರು ವರ್ಷಕ್ಕೇ 112 ಸೆಂ.ಮೀ. ನಾಲ್ಕು ವರ್ಷದಲ್ಲಿ ಬರೀ ಒಂಬತ್ತು ಸೆಂಟಿಮೀಟರ್ ಬೆಳೆದೆನಾ? ಎಲ್ಲೋ ತಪ್ಪಿದೆ.

ತಪ್ಪು ಎರಡು: ಪೇವರ್ ಗೆರೆಯನ್ನೇ ನೆಲ ಅಂದುಕೊಂಡಿದ್ದೆ. ಅಪ್ಪಯ್ಯ ಅಳೆದದ್ದು ಹಳೆಯ ಮಣ್ಣಿನ ಮೇಲೆ. ಮರ ಕಿತ್ತು ಬಂದ ಗುಂಡಿಯ ಅಂಚಿನಲ್ಲಿ ಪದರಗಳು ಕೇಕಿನ ಹಾಗೆ ಕಾಣುತ್ತಿದ್ದವು. ಬ್ಲಾಕ್ 6 ಸೆಂ.ಮೀ., ಅದರ ಕೆಳಗೆ ಮರಳು, ಜಲ್ಲಿಪುಡಿ 8. ಒಟ್ಟು 14. ಆಗ ಮೊಳೆಯ ಮಟ್ಟ 135 ಆಯಿತು, ಅಮ್ಮ ತಣ್ಣಗಾದಳು. ದಿಮ್ಮಿಯ ತಳ ಹಳೆಯ ನೆಲದಿಂದ 26 ಸೆಂ.ಮೀ. ಮೇಲೆ. ಈ 26ನ್ನು ದಿಮ್ಮಿಯ ಮೇಲೇ ಪೇಂಟಿನಲ್ಲಿ ಬರೆದೆ. ಒಳ್ಳೆಯದೇ ಆಯಿತು, ಮರುದಿನ ಗುಂಡಿ ಮುಚ್ಚಿಬಿಟ್ಟರು.

ಆಗಸ್ಟ್ 2024: ಸೀಳುವುದು

ಸಾ ಮಿಲ್ಲಿನವರಿಗೆ ಫೋಟೊ ಕಳಿಸಿದೆ. ಮೊಳೆ ಅಂದ ಕೂಡಲೇ ಮೂವರೂ ಬೇಡ ಅಂದರು. ತಪ್ಪೇನಿಲ್ಲ, ಅವರ ಬ್ಯಾಂಡ್ ಬ್ಲೇಡ್ ದುಬಾರಿ.

ಮೊಳೆ ಎಲ್ಲಿವೆ ಅಂತ ಹುಡುಕಲು ವಾಚ್‌ಮನ್ ಹತ್ತಿರ ಇದ್ದ ಸೆಕ್ಯೂರಿಟಿ ಕೋಲು ತಂದೆ. ನನ್ನ ಬೆಲ್ಟಿಗೆ ಕೂಗಿತು, ಮರಕ್ಕೆ ಕೂಗಲಿಲ್ಲ. ಮ್ಯಾಗ್ನೆಟ್ ಕಟ್ಟಿ ಇಳಿಬಿಟ್ಟೆ, ಅದೂ ಇಲ್ಲ. ಮೊಳೆಗಳು 10ರಿಂದ 16 ಸೆಂ.ಮೀ. ಆಳದಲ್ಲಿದ್ದವು ಅಂತ ಆಮೇಲೆ ಗೊತ್ತಾಯಿತು. ಅಷ್ಟು ಆಳಕ್ಕೆ ಇವು ಯಾವುದೂ ಆಗೋದಿಲ್ಲ, ದುಡ್ಡು ಹಾಕಬೇಡಿ.

ದಾರಿ ತೋರಿಸಿದ್ದು ಅರ್ಧ ಕೊಯ್ದ ಆ ಮೊಳೆಯೇ. ಕೊಯ್ದ ಮುಖದಲ್ಲಿ ಅದು ನೇರ ಮರದ ನಡುವಿಗೆ ಮೊನೆ ಮಾಡಿ ಮಲಗಿತ್ತು, ಸುತ್ತ ಮಸಿಯ ಹಾಗೆ ಕಪ್ಪು ಕಲೆ. ನಡುವಿನಿಂದ ಮೊಳೆಯ ಮೇಲೆ ಹಾಯುವ ಗೆರೆ ಎಳೆದು, ಸುಣ್ಣದ ದಾರ ಮಿಡಿದು ದಿಮ್ಮಿಯ ಉದ್ದಕ್ಕೂ ಇಳಿಸಿದೆ. ಅಪ್ಪಯ್ಯ ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೊಡೆದಿದ್ದರೆ, ಗೆರೆಯ ಎರಡೂ ಬದಿಗೆ ಮೂರು ಸೆಂಟಿಮೀಟರ್ ಚಿಲ್ಲರೆ ಬಿಟ್ಟು ಕೊಯ್ದರೆ ಎಲ್ಲ ಮೊಳೆಯೂ ಒಂದೇ ಹಲಗೆಯೊಳಗೆ ಬರಬೇಕು. ಹಲಗೆಯ ದಪ್ಪ 6.5 ಸೆಂ.ಮೀ. ಅಂತ ನಿಶ್ಚಯ ಮಾಡಿದೆ.

ಚೈನ್ ಸಾಗೆ ಕಬ್ಬಿಣದ ಚೌಕಟ್ಟು ಸಿಕ್ಕಿಸಿ ಉದ್ದುದ್ದ ಸೀಳುವ ಒಬ್ಬನನ್ನು ಠಾಣೆಯಿಂದ ಕರೆಸಿದೆ. ಎರಡು ದಿನಕ್ಕೆ 4,000 ರೂಪಾಯಿ, ಚೈನ್ ಹಾಳಾದರೆ ನನ್ನ ಲೆಕ್ಕ. ಹಲಸಿನ ಮೇಣ ಚೈನಿಗೆ ಹತ್ತಿ ಹತ್ತಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಬೇಕಾಯಿತು. ಅಮ್ಮ ಮೇಲಿನಿಂದ ತೆಂಗಿನೆಣ್ಣೆ ಬಾಟಲಿ ಇಳಿಸಿದಳು. ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳೋದಿಲ್ವಾ, ಅದೇ ಉಪಾಯ. ಕೆಲಸ ಮಾಡಿತು.

ಎರಡನೇ ಕೊಯ್ತದಲ್ಲಿ ಮತ್ತೆ ಕಿಡಿ. ತಪ್ಪು ಮೂರು: ಅಪ್ಪಯ್ಯ ಒಂದೇ ಸಾಲಿನಲ್ಲಿ ಹೊಡೆದಿರಲಿಲ್ಲ. ಒಂದು ಮೊಳೆ ನಾಲ್ಕು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಹೋಗಿತ್ತು, ಚೈನ್ ಸರಿಯಾಗಿ ಅದರ ಮೇಲೇ ಹಾಯಿತು. ಆ ಮೊಳೆ ಚೂರುಚೂರು. ಮೇಲಿನ ದಿಮ್ಮಿಯಲ್ಲಿ ಇನ್ನೊಂದು, ಇದು ನಾಲ್ಕು ಇಂಚಿನ ಭಾರಿ ಮೊಳೆ, ಯಾವ ಲೆಕ್ಕಕ್ಕೂ ಸೇರದ ಎತ್ತರದಲ್ಲಿ. ಮತ್ತೊಂದು ಚೈನ್ ಹೋಯಿತು. ಎರಡಕ್ಕೆ 1,900.

ಹಲಗೆ ಮಗುಚಿದಾಗ ಕಂಡ ಬಣ್ಣ ಮಾತ್ರ ಹೇಳಲೇಬೇಕು. ಅರಿಶಿನ ಕಲಸಿದ ಹಾಗೆ ಹಳದಿ. ನಮ್ಮೂರ ಮನೆಗಳ ಬಾಗಿಲು, ದಾರಂದ, ಮಣೆ ಎಲ್ಲ ಇದೇ ಮರ. ವೀಣೆಗೂ ಮೃದಂಗಕ್ಕೂ ಇದೇ. ಆದರೆ ನಾನು ನೋಡಿದ್ದೆಲ್ಲ ಹಳತಾಗಿ ಕಂದು ತಿರುಗಿದ್ದು. ಹಸಿ ಹಲಸು ಇಷ್ಟು ಹಳದಿ ಅಂತ ಮೂವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯಿತು.

ಆಗಸ್ಟ್ 2024ರಿಂದ ಸೆಪ್ಟೆಂಬರ್ 2025: ಒಣಗಿಸುವುದು

ಇಲ್ಲಿ ಕೆಲಸ ಕಡಿಮೆ, ಜಗಳ ಜಾಸ್ತಿ. ಎರಡೂ ತುದಿಗೆ ಉಳಿದಿದ್ದ ಆಯಿಲ್ ಪೇಂಟ್ ದಪ್ಪಗೆ ಬಳಿದೆ. ಹುಳ ಹಿಡಿಯದಿರಲಿ ಅಂತ ಬೋರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಎರಡು ಸಲ ಹಚ್ಚಿದೆ. ಪಾರ್ಕಿಂಗಿನ ಹಿಂದೆ, ನೆಲದಿಂದ ಒಂದಡಿ ಮೇಲೆ, ನಡುವೆ ಒಂದಿಂಚಿನ ರೀಪು ಕೊಟ್ಟು ಪೇರಿಸಿ ಮೇಲೆ ಕಲ್ಲು ಹೇರಿದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಬಡಗಿಗಳ ಲೆಕ್ಕ. ನನ್ನದಕ್ಕೆ ಎರಡೂವರೆ ವರ್ಷ ಬೇಕಿತ್ತು. ಅಷ್ಟು ತಾಳ್ಮೆ ನನಗೂ ಇರಲಿಲ್ಲ, ಸೆಕ್ರೆಟರಿಗೂ ಇರಲಿಲ್ಲ.

ಅಕ್ಟೋಬರ್ ಬಿಸಿಲಿಗೆ ನಡುವಿನ ತಿರುಳಿನ ಉದ್ದಕ್ಕೂ ಬಿರುಕು ಬಿಟ್ಟಿತು. ತಿರುಳು ಹಲಗೆಯ ನಡುವೆ ಇದ್ದರೆ ಬಿರುಕು ಬಂದೇ ಬರುತ್ತದೆ, ಯಾವ ಬಡಗಿಯನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ಕೇಳಲಿಲ್ಲ. ಬಿರುಕು ಓಡಿ ಓಡಿ ಅತ್ಯಂತ ಹಳೆಯ ಮೊಳೆಯ ಮೊನೆಗೆ ಹೋಗಿ ನಿಂತಿತು. ಮಾರ್ಚಿನಲ್ಲಿ ಹಲಗೆಯ ಕೆಳಗೆ ರವೆಯಂಥ ಹುಡಿ ಬಿದ್ದಿತ್ತು, ಅಂಚಿನ ಬಿಳಿ ಮರಕ್ಕೆ ಕುಟ್ಟೆ ಹಿಡಿದಿದೆ. ಔಷಧಿ ಹಚ್ಚುವಾಗ ತೊಗಟೆ ಕೀಳದೆ ಬಿಟ್ಟಿದ್ದೆ, ಚೆಂದ ಕಾಣುತ್ತದೆ ಅಂತ. ಹುಳ ಅಲ್ಲೇ ಸೇರಿತ್ತು.

ತೇವದ ಮೀಟರ್ ಡಿಸೆಂಬರಿನಲ್ಲಿ ಶೇಕಡ 27 ತೋರಿಸಿತು, ಮೇ ತಿಂಗಳಲ್ಲಿ 18, ಮಳೆಗಾಲ ಮುಗಿಯುವಾಗ ಮತ್ತೆ 20. ಮುಂಬೈ ಅಲ್ವಾ, ಹಪ್ಪಳವೇ ಒಣಗೋದಿಲ್ಲ.

ಅಕ್ಟೋಬರ್ 2025: ಎರಡು ಪಾಲು

ಹಲಗೆಯನ್ನು ಮರಗೆಲಸದ ಮೇಸ್ತ್ರಿಯ ಹತ್ತಿರ ಒಯ್ದೆ. ತಿರುಳಿನಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ಉದ್ದಕ್ಕೆ ಸೀಳಿಸಿದೆ. ಹಳೆಯ ಮೊಳೆಯ ಮೊನೆಗೂ ಬ್ಲೇಡಿಗೂ ನಡುವೆ ಒಂದೇ ಸೆಂಟಿಮೀಟರ್ ಅಂತರ. "ಬ್ಲೇಡ್ ಹೋದರೆ 1,800" ಅಂತ ಮೊದಲೇ ಹೇಳಿದ. ಹೋಗಲಿಲ್ಲ. ಕುಟ್ಟೆ ಹಿಡಿದ ಬಿಳಿ ಅಂಚನ್ನೂ ನಾಲ್ಕು ಸೆಂಟಿಮೀಟರ್ ತೆಗೆಸಿದೆ, ಮೊಳೆಗಳು ಒಳಗಿನ ಗಟ್ಟಿ ಮರದಲ್ಲಿದ್ದದ್ದರಿಂದ ನಷ್ಟ ಆಗಲಿಲ್ಲ. ಉಳಿದದ್ದು 17 ಸೆಂ.ಮೀ. ಅಗಲ. ಮೊಳೆ ಇಲ್ಲದ ಇನ್ನೊಂದು ಪಾಲಿನಿಂದ ಎರಡು ಮಣೆ ಮಾಡಿಸಿದೆ.

ಈಗ ಮೊಳೆಗಳು ಮೇಲಿನಿಂದ ಮೂರು ಸೆಂಟಿಮೀಟರ್ ಒಳಗೆ. ನಾಗದೇವಿ ಸ್ಟ್ರೀಟಿನಿಂದ ತಂದ ಚಿಕ್ಕ ಲೋಹಶೋಧಕ, 1,650 ರೂಪಾಯಿ, ಈ ಆಳಕ್ಕೆ ಚೆನ್ನಾಗಿ ಕೂಗಿತು. ಕೂಗಿದಲ್ಲೆಲ್ಲ ಪೆನ್ಸಿಲ್ ಗುರುತು. ಮುಂದಿನದೆಲ್ಲ ಉಳಿ ಕೆಲಸ. ಪ್ರತಿ ಮೊಳೆಯ ಮೇಲಿನ ಮರವನ್ನು ಸಣ್ಣ ಕಾಲುವೆಯ ಹಾಗೆ ಕೆತ್ತಿ, ಮೊಳೆ ಇದ್ದಲ್ಲೇ ಅಡ್ಡ ಮಲಗಿರುವುದು ಕಾಣುವಷ್ಟು ತೆರೆದೆ. ಒಂದೊಂದಕ್ಕೆ ಒಂದೊಂದು ಭಾನುವಾರ. ಒಂದು ಉಳಿಯ ಬಾಯಿ ಮೊಳೆಗೆ ತಾಗಿ ಹಾರಿಹೋಯಿತು.

ನವೆಂಬರ್ 2025: ಲೆಕ್ಕ ತಾಳೆ

ತೆರೆದು ನೋಡಿದರೆ ಹಲಗೆ ಒಂದು ಗ್ರಾಫಿನ ಹಾಗಿತ್ತು. ಮೊಳೆಯ ತಲೆ ಅಂದರೆ ಆ ವರ್ಷ ಮರದ ತೊಗಟೆ ಎಲ್ಲಿತ್ತೋ ಅಲ್ಲಿ. ವರ್ಷ ಕಳೆದಂತೆ ಮೊಳೆ ಮೇಲಕ್ಕೂ ಹೋಗಿದೆ, ಹೊರಕ್ಕೂ ಸರಿದಿದೆ. ಮೇಲಕ್ಕೆ ಹೋದದ್ದು ನಾನು, ಹೊರಕ್ಕೆ ಸರಿದದ್ದು ಮರ. ತಿರುಳಿನಿಂದ ತಲೆಯವರೆಗೆ ಅಳೆದೆ:

1990: ಎತ್ತರ 100, ತಲೆ 6.5 ಸೆಂ.ಮೀ.ಗೆ
1991: 106, 7.6
1992: 112.5, 8.6
1994: 124, 10.6 (ಚೈನ್ ತಿಂದದ್ದು ಇದೇ, ಕಲೆ ಮತ್ತು ಒಂದು ಚೂರು ಮಾತ್ರ)
1995: 129, 11.4
1996: 135, 12.2 (ಅರ್ಧ)
1997: 141, 13

ವರ್ಷಗಳನ್ನು ಹಾಕಿದ್ದು ಆಮೇಲೆ. ಮೊದಲು ನನಗೆ ಏಳೇ ಮೊಳೆ ಸಿಕ್ಕವು, ಎಂಟು ಇರಬೇಕಿತ್ತು. ಎಲ್ಲಿಯೋ ಕಳೆದೆ ಅಂತ ಎರಡು ವಾರ ಹಲಗೆಯ ಮೇಲೆ ಮಿಷನ್ ಆಡಿಸಿದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಎತ್ತರದಲ್ಲೂ ಆಳದಲ್ಲೂ ಎರಡು ವರ್ಷದ ಅಂತರ ಇತ್ತು. ಅಮ್ಮನನ್ನು ಕೇಳಿದೆ. "ತೊಂಬತ್ಮೂರರ ಜನವರಿ ಅಲ್ದಾ? ಹಿಂದೂ ಮುಸ್ಲಿಂ ಗಲಾಟೆಯ ಸಮಯ. ನಾಲ್ಕು ದಿನ ಅವರು ಹೋಟೆಲಿನಲ್ಲೇ ಉಳಿದಿದ್ದರು, ಫೋನೂ ಇಲ್ಲ. ಹುಟ್ಟುಹಬ್ಬ ಯಾರಿಗೆ ನೆನಪಿತ್ತು?" ಅಂದಳು. ಆಮೇಲಿನ ಮೊಳೆ ಸಾಲು ತಪ್ಪಿದ್ದೂ ಅದಕ್ಕೇ ಇರಬೇಕು. ಎರಡು ವರ್ಷದಲ್ಲಿ ಹಳೆಯ ಮೊಳೆಗಳು ಒಳಗೆ ಹೋಗಿ, ಅಪ್ಪಯ್ಯ ಅಂದಾಜಿನ ಮೇಲೆ ಹೊಡೆದಿದ್ದಾರೆ.

ನಾಲ್ಕು ಇಂಚಿನದ್ದು 190 ಸೆಂ.ಮೀ. ಎತ್ತರದಲ್ಲಿ, ಸೊಟ್ಟ. ನಾನು ಏನೇನೋ ಊಹೆ ಮಾಡಿದ್ದೆ. ಅಮ್ಮ ನೋಡಿದ ಕೂಡಲೇ "ಅದು ಬಟ್ಟೆ ಹಗ್ಗದ್ದು, ಸ್ಟೂಲ್ ಹತ್ತಿ ನಾನೇ ಹೊಡೆದದ್ದು" ಅಂದಳು.

ಉಳಿದದ್ದು ಒಂಬತ್ತನೆಯದು. 163 ಸೆಂ.ಮೀ. ನಾನು ಆ ಎತ್ತರ ಆಗುವ ಹೊತ್ತಿಗೆ ಅಳೆಸಿಕೊಳ್ಳೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದರೆ ಇದರ ತಲೆ ಇದ್ದದ್ದು 5.8ಕ್ಕೆ. ಮೇಲೆ ಹೋದಂತೆ ಕಾಂಡ ಸಣ್ಣ, ಅದನ್ನು ಲೆಕ್ಕ ಹಿಡಿದರೆ 1990ರ ಮೊಳೆಯ ಜೊತೆಯದೇ. ಅಂದರೆ ನನ್ನ ಮೊದಲ ಮೊಳೆ ಹೊಡೆದ ಆಸುಪಾಸಿನಲ್ಲಿ ಯಾರೋ 163 ಸೆಂ.ಮೀ. ಎತ್ತರದವರು ಅಲ್ಲಿ ನಿಂತಿದ್ದರು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಗತೊಡಗಿದಳು. "ನೀನು ಹೆದರಿ ಕೂಗಾಡಿದ್ದೆ ಮಾರಾಯಾ, ಮೊಳೆ ತಲೆಗೇ ಹೊಡೀತಾರೆ ಅಂತ. ಅದಕ್ಕೆ ಮೊದಲು ಅವರು ನಿಂತರು, ಸುತ್ತಿಗೆ ನನ್ನ ಕೈಗೆ ಕೊಟ್ಟರು. ಹೊಡೆದದ್ದು ನಾನು. ಹೆಬ್ಬೆರಳಿಗೂ ಒಂದು ಬಿತ್ತು."

ಅಪ್ಪಯ್ಯನ ಎತ್ತರ ಎಷ್ಟು ಅಂತ ಯಾವ ಕಾಗದದಲ್ಲೂ ಇಲ್ಲ. ಫೋಟೊಗಳಲ್ಲಿ ಯಾವಾಗಲೂ ಗಲ್ಲಾದ ಹಿಂದೆ ಕೂತೇ ಇದ್ದಾರೆ.

14ನೇ ತಾರೀಕು ಹಲಗೆಗೆ ಪಾಲಿಶ್ ಕಾಗದ ಹಾಕುತ್ತಿದ್ದಾಗ ಟಿವಿಯಲ್ಲಿ ಸಾಲುಮರದ ತಿಮ್ಮಕ್ಕ ತೀರಿಕೊಂಡ ಸುದ್ದಿ ಬಂತು. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಅವರೂ ಗಂಡ ಚಿಕ್ಕಯ್ಯನವರೂ ಬೆಳೆಸಿದ 385 ಆಲದ ಮರಗಳನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಮ್ಮ ಕೈ ಮುಗಿದಳು. "ಅವರು ಮಕ್ಕಳ ಹಾಗೆ ಸಾಲಾಗಿ ಸಾಕಿದರು. ನಿನ್ನ ಅಪ್ಪಯ್ಯ ನೆಟ್ಟದ್ದು ಒಂದು, ಅದಕ್ಕೂ ಮೊಳೆ" ಅಂದಳು.

ಡಿಸೆಂಬರ್ 2025, ಜನವರಿ 2026: ಜೋಡಣೆ

ಎರಡು ತುಂಡು ಸೇರಿಸುವಾಗ ಮತ್ತೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಅಂಚಿಗೆ ಅಂಚು ಕೂರಿಸಿ ಅಂಟು ಹಚ್ಚಲು ಹೊರಟಿದ್ದೆ. ಅಡ್ಡ ಕೊಯ್ಯುವಾಗ ಚೈನ್ 9 ಮಿ.ಮೀ. ಮರ ತಿಂದಿತ್ತು. ಹಾಗೇ ಅಂಟಿಸಿದ್ದರೆ ಅಪ್ಪಯ್ಯ ಅಷ್ಟು ಕುಳ್ಳಗಾಗುತ್ತಿದ್ದರು. ನಡುವೆ 9 ಮಿ.ಮೀ.ನ ಸಾಗುವಾನಿ ಪಟ್ಟಿ ಇಟ್ಟೆ. ಗಾಢ ಬಣ್ಣ, ದೂರದಿಂದಲೂ ಕಾಣುತ್ತದೆ. ಕಾಣಲಿ. ಹಿಂದಿನಿಂದ ಎರಡು ಕಬ್ಬಿಣದ ಪಟ್ಟಿ. ಕೆಳಗಿನ ಬಿರುಕಿಗೆ ಡಮರುವಿನ ಆಕಾರದ ಎರಡು ಕೀಲು ಕೂರಿಸಿದೆ. ಒಂದು ಬಿಗಿ ಕೂತಿದೆ, ಇನ್ನೊಂದರ ಸುತ್ತ ಸಂದು ಬಿಟ್ಟು ಮರದ ಹುಡಿ ಮತ್ತು ಅಂಟು ತುಂಬಬೇಕಾಯಿತು.

ಅಗಸೆ ಎಣ್ಣೆ ಮೂರು ಸಲ, ಮೇಲೆ ಜೇನುಮೇಣ. ಹಳದಿ ಆಗಲೇ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಮೊಳೆಗಳ ತುಕ್ಕು ತೆಗೆಯಲಿಲ್ಲ.

ಒಟ್ಟು ಖರ್ಚು: ಸೀಳಿದ್ದು 4,000, ಚೈನ್ 1,900, ಎತ್ತಿ ಇಟ್ಟವರಿಗೆ 800, ಬೋರಾಕ್ಸ್ ಬೋರಿಕ್ 420, ತೇವದ ಮೀಟರ್ 1,100, ಲೋಹಶೋಧಕ 1,650, ಮೇಸ್ತ್ರಿಗೆ ಮಣೆ ಸೇರಿ 700, ಪಾಲಿಶ್ ಕಾಗದ ಮತ್ತು ಹೊಸ ಉಳಿ 560, ಎಣ್ಣೆ ಮೇಣ 640, ಪಟ್ಟಿ ಬೋಲ್ಟ್ 480, ಹಿತ್ತಾಳೆ ಮೊಳೆ 150. ಎಲ್ಲ ಸೇರಿ 12,400 ರೂಪಾಯಿ. ಇದೇ ದುಡ್ಡಿಗೆ ಒಳ್ಳೆಯ ಬೆಂಚೇ ಬರುತ್ತಿತ್ತು ಅಂತ ಹೆಂಡತಿ ಎರಡು ಸಲ ಹೇಳಿದ್ದಾಳೆ.

ಹಿತ್ತಾಳೆ ಮೊಳೆ ಮಗಳಿಗೆ. ಅವಳಿಗೆ ಆರು ವರ್ಷ, 115 ಸೆಂ.ಮೀ., ಆರರ ನನಗಿಂತ ಎರಡೂವರೆ ಜಾಸ್ತಿ. ಒಣಗಿದ ಹಲಸು ಎಷ್ಟು ಗಟ್ಟಿ ಅಂತ ನನಗೆ ಅಂದಾಜಿರಲಿಲ್ಲ, ಮೊದಲ ಮೊಳೆ ಮಡಚಿಕೊಂಡಿತು. ಎರಡನೆಯದಕ್ಕೆ 1.5 ಮಿ.ಮೀ. ಬಿಟ್ಟಿನಿಂದ ತೂತು ಹಾಕಿಕೊಂಡೆ, ನೆಟ್ಟಗೆ ಹೋಯಿತು. ಅವಳು ಹೆದರಲಿಲ್ಲ, ಸುತ್ತಿಗೆ ತನಗೇ ಬೇಕು ಅಂತ ಹಟ ಮಾಡಿದಳು.

ಹಲಗೆಯ ತಳ ನೆಲದಿಂದ ಸರಿಯಾಗಿ 26 ಸೆಂ.ಮೀ. ಮೇಲೆ ಇದೆ. ಬಂದವರೆಲ್ಲ ಯಾಕೆ ಇಷ್ಟು ಮೇಲೆ ನೇತು ಹಾಕಿದ್ದೀರಿ ಅಂತ ಕೇಳುತ್ತಾರೆ. ಮುಂದಿನ ವರ್ಷ ಹಳೆಯ ಟೈಲ್ಸಿನ ಮೇಲೇ ಹೊಸದು ಹಾಕಿಸುವ ಮಾತಿದೆ, ಆಗ ನೆಲ ಏನಿಲ್ಲ ಅಂದರೂ ಒಂದೂವರೆ ಸೆಂಟಿಮೀಟರ್ ಏರುತ್ತದೆ. ಅದಕ್ಕೇ ಗೋಡೆಗೆ ಹೊಡೆದ ಪಟ್ಟಿಯಲ್ಲಿ ಬೋಲ್ಟಿನ ತೂತುಗಳನ್ನು ಮೇಲೆ ಕೆಳಗೆ ಉದ್ದ ಮಾಡಿಸಿಕೊಂಡಿದ್ದೇನೆ.